ಮಲೆನಾಡಿನ ಹವ್ಯಾಸಿ ಛಾಯಾಚಿತ್ರಗಳು: ‘ಸೂಪರ್’ ಎಂದ ಮೇಲೆ ಏನು?

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಇವತ್ತು ಫೋಟೊ ತೆಗೆಯದವರನ್ನು ಹುಡುಕುವುದೇ ಕಷ್ಟ. ಒಂದು ಕಾಲದಲ್ಲಿ ಮದುವೆ ಮನೆಗೆ ಸ್ಟುಡಿಯೋದವರು ಬಂದರೆ ಮೂವತ್ತಾರು ಚಿತ್ರಗಳ ರೀಲು ಮುಗಿಯುವ ತನಕ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಈಗ ಅಡಿಕೆ ಮಂಡಿಯ ಹಮಾಲಿಯ ಜೇಬಿನಲ್ಲೂ ಕ್ಯಾಮರಾ ಇದೆ. ಸಂಬಳದಲ್ಲಿ ಉಳಿಸಿ, ಕೆಲವೊಮ್ಮೆ ಸಾಲ ಮಾಡಿ, ಉದ್ದದ ಲೆನ್ಸ್ ಕೊಂಡು ಬೆಳಗಿನ ಜಾವವೇ ಕಾಡಿನ ದಾರಿ ಹಿಡಿಯುವ ಹವ್ಯಾಸಿಗಳೂ ಊರೂರಲ್ಲಿದ್ದಾರೆ. ಇಂಥ ಕೆಲವು ಗೆಳೆಯರು, ಅವರಲ್ಲಿ ಶಿಕ್ಷಕರಿದ್ದಾರೆ, ಅಂಗಡಿಯವರಿದ್ದಾರೆ, ಕಾಲೇಜು ಹುಡುಗ ಹುಡುಗಿಯರಿದ್ದಾರೆ, ತಾವು ತೆಗೆದ ಎಪ್ಪತ್ತರಷ್ಟು ಚಿತ್ರಗಳನ್ನು ನಮ್ಮ ಮುಂದೆ ಇಟ್ಟು ಅಭಿಪ್ರಾಯ ಕೇಳಿದರು. ಕಥೆ ಬರೆಯುವವರನ್ನು ಯಾಕೆ ಕೇಳುತ್ತೀರಿ ಎಂದದ್ದಕ್ಕೆ ಒಬ್ಬ ಹುಡುಗ ಹೇಳಿದ: “ಫೋಟೊ ತೆಗೆಯುವವರನ್ನು ಕೇಳಿದ್ರೆ ಲೆನ್ಸ್ ಯಾವುದು ಅಂತಾರೆ ಸರ್. ತೆಗೆಯದವರನ್ನು ಕೇಳಿದ್ರೆ ಸೂಪರ್ ಅಂತಾರೆ.”

ಆ ಎರಡನೆಯ ಉತ್ತರ ನಮಗೆ ಮುಶಾಯಿರಾಗಳಿಂದ ಚೆನ್ನಾಗಿ ಪರಿಚಿತ. ಶೇರ್ ಹೇಗೇ ಇರಲಿ, ಮುಂದಿನ ಸಾಲಿನವರು ‘ವಾಹ್ ವಾಹ್’ ಅನ್ನಲೇಬೇಕು. ಅನ್ನದಿದ್ದರೆ ನಾಳೆ ತಮ್ಮ ಸರದಿ ಬಂದಾಗ ಸಭೆ ಮೌನವಾಗಿರುತ್ತದೆ ಎಂಬ ಭಯ. ಆದರೆ ಅದೇ ಉರ್ದು ಪರಂಪರೆ ಇನ್ನೊಂದನ್ನೂ ಬೆಳೆಸಿಕೊಂಡು ಬಂದಿತ್ತು, ಅದು ಇಸ್ಲಾಹ್. ಶಿಷ್ಯ ಬರೆದದ್ದನ್ನು ಉಸ್ತಾದರ ಮುಂದಿಡುವುದು, ಉಸ್ತಾದರು ಒಂದು ಪದ ಹೊಡೆದು ಇನ್ನೊಂದನ್ನು ಕೂರಿಸುವುದು, ಮನಸ್ಸಿದ್ದರೆ ಯಾಕೆಂದು ವಿವರಿಸುವುದು. ಮಿರ್ಜಾ ಗಾಲಿಬರು ಹರಗೋಪಾಲ ತಫ್ತಾ ಮೊದಲಾದ ಶಿಷ್ಯರ ಪದ್ಯಗಳನ್ನು ದಿಲ್ಲಿಯಲ್ಲಿ ಕೂತು ಅಂಚೆಯಲ್ಲೇ ತಿದ್ದಿ ಕಳಿಸುತ್ತಿದ್ದರು. ಯುವಕ ಇಕ್ಬಾಲ್ ತಮ್ಮ ಆರಂಭದ ಗಜಲುಗಳನ್ನು ದಾಗ್ ದೆಹ್ಲವಿಯವರಿಗೆ ಕಳಿಸಿ ತಿದ್ದಿಸಿಕೊಂಡರು. ಇನ್ನು ಇದರಲ್ಲಿ ತಿದ್ದುವಂಥದ್ದು ಹೆಚ್ಚೇನೂ ಇಲ್ಲ ಎಂದು ಸ್ವಲ್ಪ ಕಾಲದಲ್ಲೇ ತಿಳಿಸಿದವರೂ ದಾಗ್ ಅವರೇ. ಒಳ್ಳೆಯ ಇಸ್ಲಾಹ್ ಶಿಷ್ಯನ ಶೇರನ್ನು ಉಸ್ತಾದನ ಶೇರನ್ನಾಗಿ ಮಾಡುವುದಿಲ್ಲ. ಶಿಷ್ಯ ಏನು ಹೇಳಹೊರಟಿದ್ದನೋ ಅದನ್ನೇ ಹೇಳುವಂತೆ ಮಾಡುತ್ತದೆ. ಎಲ್ಲ ಉಸ್ತಾದರೂ ಹಾಗಿದ್ದರು ಎಂದಲ್ಲ, ಅದು ಬೇರೆ ಮಾತು.

ಛಾಯಾಚಿತ್ರಕ್ಕೆ ಇಂಥ ಇಸ್ಲಾಹ್ ಎಲ್ಲಿ ಸಿಗುತ್ತದೆ? ಸ್ಪರ್ಧೆಗಳಲ್ಲಿ ತೀರ್ಪುಗಾರರು ಒಂದೊಂದು ಚಿತ್ರವನ್ನು ಕೆಲವೇ ಸೆಕೆಂಡು ನೋಡಿ ಅಂಕ ಕೊಡುತ್ತಾರೆ. ಅಂಕ ಮನೆಗೆ ಬರುತ್ತದೆ, ಕಾರಣ ಬರುವುದಿಲ್ಲ. ನೋಡುವುದನ್ನು ಕಲಿಸಬಹುದು ಎಂದು ಸಾಗರ ತಾಲೂಕಿನವರಿಗೆ ಹೊರಗಿನವರು ಹೇಳಬೇಕಾಗಿಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದ ನಡುವಿನ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದರು, ಪುಣೆಯ ಫಿಲ್ಮ್ ಇನ್ಸ್ಟಿಟ್ಯೂಟಿನ ಸತೀಶ್ ಬಹಾದೂರರು ಬಂದು ರಸಗ್ರಹಣ ಶಿಬಿರ ನಡೆಸಿಕೊಟ್ಟರು. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಮುಂಚೆ ತೆರೆಯ ಮೇಲೆ ಏನು ಕಂಡಿತು ಹೇಳಿ ಎನ್ನುವ ಪಾಠ ಅದು. ಈ ಎಪ್ಪತ್ತು ಚಿತ್ರಗಳನ್ನು ನಾವು ಆ ಪಾಠದ ದಾರಿಯಲ್ಲೇ ನೋಡಿದೆವು. ಮೊದಲು ಕಂಡದ್ದು, ಆಮೇಲೆ ತೆಗೆದವರ ಉದ್ದೇಶ, ಕೊನೆಗೆ ಇವೆರಡರ ನಡುವಿನ ಅಂತರ.

ಹನ್ನೊಂದು ಚಿತ್ರಗಳು ಜೋಗದವು. ಹನ್ನೊಂದೂ ಪ್ರವಾಸಿಗರು ನಿಲ್ಲುವ ಕಟಕಟೆಯ ಹೆಚ್ಚುಕಡಿಮೆ ಒಂದೇ ಜಾಗದಿಂದ ತೆಗೆದಂಥವು. ಅವುಗಳಲ್ಲಿ ಅತ್ಯಂತ ಅಚ್ಚುಕಟ್ಟಾದದ್ದರ ಹೆಸರು ‘ಅಬ್ಬರ’. ಷಟರನ್ನು ನಿಧಾನಗೊಳಿಸಿ ನೀರನ್ನು ಹಿಂಜಿದ ಹತ್ತಿಯಂತೆ ಮಾಡಿದ್ದಾರೆ. ನೋಡಲು ಸೊಗಸಾಗಿದೆ, ಆದರೆ 253 ಮೀಟರ್ ಎತ್ತರದಿಂದ ಬೀಳುವ ನೀರು, ಅದರಲ್ಲೂ ರೋರರ್ ಎಂದೇ ಹೆಸರಿಟ್ಟುಕೊಂಡ ಧಾರೆ, ಹಾಲಿನ ಕೆನೆಯಾಗಿಬಿಟ್ಟರೆ ಅಬ್ಬರ ಎಲ್ಲಿ ಉಳಿಯಿತು? ಇಲ್ಲಿ ತಂತ್ರ ಸರಿಯಾಗಿದೆ, ವಸ್ತುವಿಗೆ ಎದುರಾಗಿದೆ. ಹೆಸರು ಬದಲಿಸಬೇಕು, ಇಲ್ಲವೇ ಷಟರ್ ವೇಗ ಹೆಚ್ಚಿಸಿ ನೀರು ಚೂರುಚೂರಾಗಿ ಸಿಡಿಯುವುದನ್ನು ಹಿಡಿಯಬೇಕು. ಈ ಮಾತನ್ನು ಹೇಳಿದಾಗ ತೆಗೆದವರಿಗೆ ಬೇಸರವಾಗಲಿಲ್ಲ. ‘ಚಿತ್ರ ಸಪ್ಪೆ’ ಎಂದಿದ್ದರೆ ಖಂಡಿತ ಆಗುತ್ತಿತ್ತು, ಯಾಕೆಂದರೆ ಸಪ್ಪೆ ಎಂಬ ಮಾತು ಹಿಡಿದುಕೊಂಡು ಮುಂದೆ ಏನೂ ಮಾಡಲಾಗುವುದಿಲ್ಲ.

ಅದೇ ಜೋಗದಲ್ಲಿ ತೆಗೆದ ಇನ್ನೊಂದು ಚಿತ್ರವನ್ನು ಅದರ ಒಡತಿ ಅಳಿಸಿ ಹಾಕುವುದರಲ್ಲಿದ್ದಳು. ಮಂಜು ಪೂರ್ತಿ ಮುಚ್ಚಿದೆ, ಜಲಪಾತದ ಒಂದು ಹನಿಯೂ ಕಾಣುವುದಿಲ್ಲ. ಕಟಕಟೆಗೆ ಒರಗಿ ಹತ್ತು ಹದಿನೈದು ಜನ ಬಣ್ಣಬಣ್ಣದ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಬೆಳ್ಳನೆಯ ಶೂನ್ಯವನ್ನು ನೋಡುತ್ತಿದ್ದಾರೆ. ಒಂದು ಮಗು ಮಾತ್ರ ಸಾಕಾಗಿ ಹಿಂದೆ ತಿರುಗಿದೆ. ಮಳೆಗಾಲದಲ್ಲಿ ಜೋಗಕ್ಕೆ ಹೋದ ಯಾರಿಗಾದರೂ ಈ ಕಾಯುವಿಕೆ ಗೊತ್ತು. ನಮ್ಮ ಮಟ್ಟಿಗೆ ಹನ್ನೊಂದರಲ್ಲಿ ಜೋಗವಿದ್ದದ್ದು ಇದೊಂದರಲ್ಲೇ. ಅದರಲ್ಲೂ ತೊಂದರೆ ಇಲ್ಲದಿಲ್ಲ. ಬಲಗಡೆ ಜೋಳ ಸುಡುವ ಗಾಡಿಯ ಅರ್ಧ ಚಕ್ರ ಒಳಗೆ ಬಂದು ಮಗುವಿನ ಕಡೆಗೆ ಹೋಗಬೇಕಾದ ಕಣ್ಣನ್ನು ಎಳೆಯುತ್ತದೆ. ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಚಕ್ರ ಹೊರಗೆ ಹೋಗುತ್ತಿತ್ತು, ಇಲ್ಲವೇ ಹಿಂದಕ್ಕೆ ಸರಿದು ಗಾಡಿಯನ್ನೂ ಗಾಡಿಯವನನ್ನೂ ಪೂರ್ತಿ ಒಳಗೆ ತರಬಹುದಿತ್ತು. ಎರಡನೆಯದು ಇನ್ನೂ ಒಳ್ಳೆಯದು ಎಂದು ನಮಗೆ ಅನಿಸುತ್ತದೆ. ಜನ ಮಂಜಿನಲ್ಲಿ ಕಾದಷ್ಟೂ ಅವನಿಗೆ ವ್ಯಾಪಾರ.

ಮಗು ಚಿತ್ರದ ನಡುವೆ ಇದೆ, ಮೂರನೇ ಒಂದು ಭಾಗದ ಗೆರೆಯ ಮೇಲಿಲ್ಲ ಎಂದು ಜೊತೆಗಿದ್ದ ಒಬ್ಬರು ತಕರಾರು ಎತ್ತಿದರು. ಈ ಸೂತ್ರ ಈಗ ಮೊಬೈಲಿನ ತೆರೆಯ ಮೇಲೇ ಗೆರೆಯಾಗಿ ಮೂಡುವುದರಿಂದ ಹದೀಸಿನಷ್ಟೇ ಪ್ರಮಾಣಬದ್ಧ ಎಂಬಂತೆ ಚಾಲ್ತಿಯಲ್ಲಿದೆ. ಇದಕ್ಕೆ ‘ರೂಲ್ ಆಫ್ ಥರ್ಡ್ಸ್’ ಎಂದು ಹೆಸರಿಟ್ಟವರು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ. ಅದು 1797ರಲ್ಲಿ, ಅಂದರೆ ಛಾಯಾಚಿತ್ರಣವನ್ನು ಜಗತ್ತಿಗೆ ಘೋಷಿಸುವುದಕ್ಕೆ ನಾಲ್ಕು ದಶಕ ಮೊದಲು, ಹಳ್ಳಿಗಾಡಿನ ನಿಸರ್ಗಚಿತ್ರ ಬರೆಯುವವರಿಗೆ ಕೊಟ್ಟ ಸಲಹೆ. ಸಲಹೆ ಉಪಯುಕ್ತವೇ. ಅಡುಗೆಗೆ ಉಪ್ಪು ಎಷ್ಟು ಎಂದು ಪುಸ್ತಕ ಹೇಳಬಹುದು, ರುಚಿ ನೋಡುವ ನಾಲಿಗೆ ಅಡುಗೆಯವರದೇ ಆಗಬೇಕಲ್ಲ.

ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುತ್ತದೆ. 1948ರಲ್ಲಿ ಮುಗಿದ ಕಟ್ಟಡವದು, 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ತಾನೇ ಮುಳುಗಿತು. ಹವ್ಯಾಸಿಗಳಿಗೆ ಈಗ ಅದು ಯಾತ್ರಾಸ್ಥಳ. ನಮಗೆ ಬಂದ ಚಿತ್ರದಲ್ಲಿ ಸೈಫನ್ನುಗಳ ಕಲ್ಲಿನ ಗೋಪುರಗಳು, ಅವುಗಳ ಮೇಲೆ ಕಂಪ್ಯೂಟರಿನಲ್ಲಿ ನೇರಳೆ ಬಣ್ಣ ಬಳಿದ ಆಕಾಶ. ಹೆಸರು ‘ಅನ್ಯಗ್ರಹ’. ಕಸುಬಿನ ದೃಷ್ಟಿಯಿಂದ ಹೇಳುವುದಾದರೆ, ಗೋಪುರ ಆಳೆತ್ತರವೋ ಮನೆಯೆತ್ತರವೋ ತಿಳಿಯುವುದಿಲ್ಲ, ಪಕ್ಕದಲ್ಲಿ ಒಬ್ಬ ಮನುಷ್ಯ, ಒಂದು ದನ, ಒಂದು ತೆಪ್ಪ ಇದ್ದರೂ ಅಳತೆ ಸಿಗುತ್ತಿತ್ತು. ಆದರೆ ಅಳತೆ ತಪ್ಪಿದ್ದು ಚೌಕಟ್ಟಿನಲ್ಲಿ ಮಾತ್ರವಲ್ಲ. ಇದು ಅನ್ಯಗ್ರಹವಲ್ಲ. ಇಲ್ಲಿ ಗದ್ದೆಗಳಿದ್ದವು, ಮನೆಗಳಿದ್ದವು. ನೀರಿಗೆ ಊರು ಬಿಟ್ಟುಕೊಟ್ಟು ಎದ್ದುಹೋದವರ ಮಕ್ಕಳು ಮೊಮ್ಮಕ್ಕಳು ಇದೇ ಜಿಲ್ಲೆಯಲ್ಲಿ ಭೂಮಿಯ ಹಕ್ಕಿಗಾಗಿ ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ. ಅದೇ ಹುಡುಗ ಅದೇ ದಿನ ತೆಗೆದ ಉಳಿದ ಚಿತ್ರಗಳನ್ನೂ ತೋರಿಸೆಂದು ಕೇಳಿದೆವು. ಒಡೆದ ಕೆಸರಿನಲ್ಲಿ ನಿಂತ ಕರಿಯ ಮರದ ಬೊಡ್ಡೆಗಳ ಸಾಲು ಅದರಲ್ಲಿತ್ತು, ಆಕಾಶ ಬರೀ ಬೂದು. ಬೆಳಕು ಚೆನ್ನಾಗಿರಲಿಲ್ಲ ಎಂದು ಬದಿಗಿಟ್ಟಿದ್ದನಂತೆ! ಆ ಬೊಡ್ಡೆಗಳಿಗೆ ಬೇರೆ ಯಾವ ಬೆಳಕೂ ಬೇಡ.

ಹೊಸನಗರದ ಕಡೆಯಿಂದ ಬಂದವುಗಳಲ್ಲಿ ಹೆಚ್ಚಿನವು ಅಡಿಕೆಯ ಸುಗ್ಗಿಯವು. ಅಂಗಳದ ಚಪ್ಪರ, ಹಂಡೆಯ ಹಬೆ, ಒಣಗಲು ಹರಡಿದ ಕೆಂಪು ಅಡಿಕೆ. ಒಂದರಲ್ಲಿ ರಾತ್ರಿ ಬಲ್ಬಿನ ಕೆಳಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸು. ಮುಖದ ಒಂದು ಪಕ್ಕಕ್ಕೆ ಬಿದ್ದ ಹಳದಿ ಬೆಳಕು, ಕಿವಿಯ ಓಲೆಯ ಹೊಳಪು, ಹಿಂದೆ ಕತ್ತಲು. ಹಳೆಯ ಡಚ್ ವರ್ಣಚಿತ್ರಗಳ ಹಾಗಿದೆ ಎಂದು ಯಾರಾದರೂ ಹೊಗಳಿದರೆ ನಾವು ಅಡ್ಡಿ ಮಾಡುವುದಿಲ್ಲ. ಆದರೆ ಚಿತ್ರ ಆಕೆಯ ಮೊಣಕೈಗೇ ಮುಗಿದುಹೋಗಿದೆ. ಅಡಿಕೆ ಸುಲಿಯುವವರನ್ನು ತೆಗೆದು ಕೈಗಳನ್ನು ಬಿಟ್ಟರೆ ಏನನ್ನು ತೆಗೆದ ಹಾಗಾಯಿತು? ಚೊಗರು ಹತ್ತಿ ಕಪ್ಪಾದ, ಸುಗ್ಗಿ ಮುಗಿದರೂ ಬೇಗನೆ ಬಣ್ಣ ಬಿಡದ ಆ ಬೆರಳುಗಳಲ್ಲಿ ಅವಳ ಕೂಲಿಯ ಲೆಕ್ಕವಿದೆ. ಕ್ಯಾಮರಾವನ್ನು ಒಂದು ಗೇಣು ಕೆಳಗೆ ಬಾಗಿಸಿದ್ದರೆ, ಅಥವಾ ತೆಗೆಯುವವನು ತಾನೇ ನೆಲದ ಮೇಲೆ ಕೂತಿದ್ದರೆ, ಮುಖವೂ ಕೈಯೂ ಒಟ್ಟಿಗೆ ಬರುತ್ತಿದ್ದವು. ಕೂತು ದುಡಿಯುವವರನ್ನು ನಿಂತು ತೆಗೆಯುವ ಅಭ್ಯಾಸ ಬಹಳ ಜನರಿಗಿದೆ. ಎಪ್ಪತ್ತರಲ್ಲಿ ಎಷ್ಟೋ ಚಿತ್ರಗಳಲ್ಲಿ ಕಂಡದ್ದು ದುಡಿಯುವವರ ನೆತ್ತಿ ಮಾತ್ರ.

ತೀರ್ಥಹಳ್ಳಿಯ ಒಂದು ನಾಟಿಯ ಚಿತ್ರ ಇದಕ್ಕೆ ವಿರುದ್ಧವಾದ ಸಮಸ್ಯೆಯದು. ಸಂಯೋಜನೆಯಲ್ಲಿ ಕೊರತೆಯೇ ಇಲ್ಲ. ಗದ್ದೆಯ ನೀರಿನಲ್ಲಿ ಬಾಗಿದ ಐವರು ಹೆಂಗಸರು, ಐವರ ಬೆನ್ನ ಮೇಲೂ ಗೊರಬು, ನೀರಿನಲ್ಲಿ ಅವುಗಳ ನೆರಳು ಅಲೆಯಂತೆ ಸಾಗಿದೆ. ಇಷ್ಟು ಗೊರಬು ಒಟ್ಟಿಗೆ ಎಲ್ಲಿ ಸಿಕ್ಕಿತಪ್ಪ ಎಂದು ಕೇಳಿದಾಗ ಅಟ್ಟದಿಂದ ಇಳಿಸಿ ತೊಡಿಸಿದ್ದು ಎಂದು ಗೊತ್ತಾಯಿತು. ಅವರು ದಿನವೂ ಹಾಕಿಕೊಳ್ಳುವುದು ನೀಲಿ ಪ್ಲಾಸ್ಟಿಕ್ಕಿನ ಕೊಪ್ಪೆ, ಅದು ‘ಚಿತ್ರ ಕೆಡಿಸುತ್ತದೆ’. ಯಾರ ಚಿತ್ರವನ್ನು ಕೆಡಿಸುತ್ತದೆ? ಬೆಂಗಳೂರಿನ ಪ್ರದರ್ಶನದಲ್ಲಿ ಮಲೆನಾಡು ಹೀಗಿರಬೇಕು ಎಂದುಕೊಂಡವರ ಚಿತ್ರವನ್ನು. ವೇಷ ತೊಡಿಸಿ ತೆಗೆಯುವುದು ತಪ್ಪೆಂದು ನಾವು ಹೇಳುತ್ತಿಲ್ಲ, ಅದೂ ಒಂದು ಕಲೆಯೇ. ಹಾಗೆಂದು ಚಿತ್ರದ ಕೆಳಗೆ ಬರೆಯಬೇಕು, ಅಷ್ಟೇ. ಅಮೆರಿಕದ ಸ್ಟೀವ್ ಮೆಕರಿಯಂಥ ಹೆಸರಾಂತರು ಕೂಡ 2016ರಲ್ಲಿ, ತಮ್ಮ ಕೆಲವು ಚಿತ್ರಗಳಿಂದ ಜನರನ್ನೂ ವಸ್ತುಗಳನ್ನೂ ಅಳಿಸಿದ್ದು ಹೊರಬಿದ್ದಾಗ ಜಗತ್ತಿಗೆ ಸಮಜಾಯಿಷಿ ಕೊಡಬೇಕಾಯಿತು.

ಈಗ ನಮಗೆ ಹತ್ತಿರದ ಎರಡು ಚಿತ್ರಗಳು. ಒಂದು ಸಾಗರದ ಬಸ್ ನಿಲ್ದಾಣದ್ದು. ಮಳೆಯಲ್ಲಿ ಕಪ್ಪು ಬುರ್ಖಾ ತೊಟ್ಟ ಹೆಂಗಸು, ಕೈಯಲ್ಲಿ ಕಡುಗೆಂಪು ಛತ್ರಿ, ಒದ್ದೆ ನೆಲದಲ್ಲಿ ಕೆಂಪಿನ ಪ್ರತಿಬಿಂಬ. ಹೆಸರು ‘ಕಾಂಟ್ರಾಸ್ಟ್’. ತೆಗೆದವರು ಮುಸ್ಲಿಮೇತರ ಗೆಳೆಯರು, ಸಜ್ಜನರು. ನಮ್ಮ ಮುಂದಿಡುವಾಗ ಸ್ವಲ್ಪ ಸಂಕೋಚಪಟ್ಟರು. ಸಂಕೋಚ ಬೇಕಿರಲಿಲ್ಲ, ಮಳೆಯಲ್ಲಿ ಛತ್ರಿ ಹಿಡಿದು ನಿಂತವರನ್ನು ತೆಗೆಯುವುದು ಅವಮಾನವೇನಲ್ಲ. ನಾವು ಕೇಳಿದ್ದು ಕತ್ತರಿಸುವ ಮುಂಚಿನ ಚಿತ್ರವನ್ನು. ಅದರಲ್ಲಿ ಆಕೆಯ ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗಿನ ಆಸ್ಪತ್ರೆಯ ಫೈಲು ಇತ್ತು, ಎಕ್ಸ್‌ರೇಯ ದೊಡ್ಡ ಲಕೋಟೆಯೂ ಇತ್ತು. ಛತ್ರಿಯನ್ನು ಆಕೆ ತನ್ನ ತಲೆಗಿಂತ ಹೆಚ್ಚಾಗಿ ಆ ಕಾಗದಗಳ ಮೇಲೆ ಓರೆ ಮಾಡಿ ಹಿಡಿದಿದ್ದಳು. ಬಿಳಿ ಲಕೋಟೆ ಬಣ್ಣಗಳ ಲೆಕ್ಕ ಕೆಡಿಸುತ್ತದೆಂದು ಅದನ್ನು ಕತ್ತರಿಸಲಾಗಿತ್ತು. ಉಳಿದದ್ದು ಕಪ್ಪು ಮತ್ತು ಕೆಂಪು. ಹೋದದ್ದು ಆ ದಿನ ಆಕೆ ಯಾಕೆ ಅಲ್ಲಿದ್ದಳೆಂಬುದು.

ಡೊರೊಥಿಯಾ ಲಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ, ‘ಮೈಗ್ರೆಂಟ್ ಮದರ್’ ಎಂದು ಪ್ರಸಿದ್ಧವಾದ ಚಿತ್ರ ಬಹಳ ಓದುಗರಿಗೆ ಗೊತ್ತಿರುತ್ತದೆ. ಅದರ ಬಲ ಮೂಲೆಯಲ್ಲಿ ಡೇರೆಯ ಕಂಬ ಹಿಡಿದ ತಾಯಿಯ ಹೆಬ್ಬೆರಳು ಕಾಣುತ್ತಿತ್ತು. ಅಚ್ಚುಕಟ್ಟುತನಕ್ಕೆ ಅಡ್ಡಿ ಎಂದು ಲಾಂಗ್ ಆಮೇಲೆ ನೆಗೆಟಿವ್‌ನಲ್ಲೇ ಅದನ್ನು ಅಳಿಸಿದರು. ಇಂದಿಗೂ ಆ ಜಾಗದಲ್ಲಿ ಮಸುಕು ಗುರುತು ಉಳಿದಿದೆ. ಆ ತಾಯಿ ಯಾರೆಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ, ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು. ಅಂಚಿನಲ್ಲಿ ಇರುವುದೆಲ್ಲ ಕಸವಲ್ಲ. ಕತ್ತರಿ ಹಾಕುವ ಮುಂಚೆ ಅಂಚಿನ ಸುತ್ತ ಒಮ್ಮೆ ಬೆರಳಾಡಿಸಿ, ಏನು ಹೋಗುತ್ತಿದೆ ಎಂದು ಹೆಸರಿಟ್ಟು ಹೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ. ‘ಜೋಳದ ಗಾಡಿಯ ಅರ್ಧ ಚಕ್ರ’ ಎಂದು ಹೇಳಿ ಕತ್ತರಿಸಬಹುದು. ‘ಅವಳ ಎಕ್ಸ್‌ರೇ’ ಎಂದು ಹೇಳಿದ ಮೇಲೆ ಕೈ ಬರುವುದಿಲ್ಲ.

ಎರಡನೆಯ ಚಿತ್ರ ನಮ್ಮವರೇ ತೆಗೆದದ್ದು, ಮಕ್ತಬ್ ಒಂದರಲ್ಲಿ. ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಕೋಲು, ಬಿಳಿ ಟೋಪಿಯ ಹುಡುಗ, ರಿಹಲ್ ಮೇಲೆ ತೆರೆದ ಕುರ್‌ಆನ್. ಇಂಥ ಚಿತ್ರ ನಾವು ನೂರು ಕ್ಯಾಲೆಂಡರುಗಳಲ್ಲಿ ನೋಡಿದ್ದೇವೆ. ತೆಗೆದವರು ಒಳಗಿನವರು ಎಂದ ಮಾತ್ರಕ್ಕೆ ಕಣ್ಣು ಒಳಗಿನದಾಗುವುದಿಲ್ಲ. ಮಕ್ತಬಿನಲ್ಲಿ ಕಲಿತವರಿಗೆ ಗೊತ್ತು, ಅಲ್ಲಿ ತೂಕಡಿಕೆ ಇದೆ, ಚಿವುಟಾಟ ಇದೆ, ಸಬಕ್ ಬಾರದವನ ಕಣ್ಣಲ್ಲಿ ಉಸ್ತಾದರ ಬೆತ್ತದ ನೆನಪು ಇದೆ, ಶಾಲೆಯ ಗಂಟೆಗೆ ಓಡಬೇಕಾದವರ ಚೀಲಗಳು ಬಾಗಿಲಲ್ಲೇ ಬಿದ್ದಿವೆ. ಆ ಚೀಲಗಳಲ್ಲಿ ಕನ್ನಡ ಪಠ್ಯವಿದೆ. ಅಲಿಫ್ ಬೇ ಮುಗಿಸಿ ಅ ಆ ಇ ಈಗೆ ಓಡಿದ ನಮ್ಮಂಥವರ ಬಾಲ್ಯ ಆ ಹೊಸ್ತಿಲ ಮೇಲಿದೆ. ಈ ಚಿತ್ರದ ಹುಡುಗನ ಹೆಸರೇನು ಎಂದರೆ ತೆಗೆದವರಿಗೆ ನೆನಪಿರಲಿಲ್ಲ. ಇದು ಸಣ್ಣ ಮಾತಲ್ಲ. ಮೇಲೆ ಹೇಳಿದ ಮೆಕರಿಯವರೇ 1984ರಲ್ಲಿ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಹಸಿರು ಕಣ್ಣಿನ ಅಫ್ಘಾನ್ ಹುಡುಗಿಯನ್ನು ತೆಗೆದರು. ಮರುವರ್ಷ ಜೂನ್‌ನಲ್ಲಿ ಅದು ನ್ಯಾಷನಲ್ ಜಿಯಾಗ್ರಫಿಕ್‌ನ ಮುಖಪುಟಕ್ಕೆ ಬಂತು. ಅವಳು ಶರ್ಬತ್ ಗುಲಾ ಎಂದು ಪತ್ತೆಯಾದದ್ದು 2002ರಲ್ಲಿ. ಹದಿನೇಳು ವರ್ಷ ಲೋಕವೆಲ್ಲ ಆ ಕಣ್ಣುಗಳನ್ನು ನೋಡಿತು, ಅವಳನ್ನು ಹೆಸರಿಡಿದು ಕರೆಯಲು ಯಾರಿಗೂ ಆಗಲಿಲ್ಲ.

ಹಕ್ಕಿಗಳ ಚಿತ್ರಗಳ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ತುಂಗೆಯ ನಡುಗಡ್ಡೆಯ ಮಂಡಗದ್ದೆಯಲ್ಲಿ ಮಳೆಗಾಲಕ್ಕೆ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳು ಈ ಕಟ್ಟಿನಲ್ಲಿ ಹದಿನಾಲ್ಕು ಇವೆ. ಬಹುತೇಕ ಹಕ್ಕಿ ನಡುವೆ, ಹಿನ್ನೆಲೆ ಹಸಿರು ಮಸುಕು, ಗರಿ ಗರಿಯೂ ಸ್ಪಷ್ಟ. ಗುರುತು ಹಿಡಿಯಲು ಉತ್ತಮ, ಎರಡನೇ ಸಲ ನೋಡಲು ಕಾರಣವಿಲ್ಲ. ಇದೇ ತಾಲೂಕಿನ ಕುಪ್ಪಳಿಯಲ್ಲಿ 1938ರಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ನೋಡಿದರೆ, ಹಕ್ಕಿ ಏನೋ ಮಾಡುತ್ತಿರುತ್ತದೆ, ಅದಕ್ಕೊಂದು ಜಾಗವಿರುತ್ತದೆ. ಹಕ್ಕಿಯ ದಿನಚರಿ ಮೊದಲು, ಕ್ಯಾಮರಾ ಆಮೇಲೆ. ಗೂಡಿನ ಹತ್ತಿರ ಹೋಗಿ ತೆಗೆದ ಒಂದೆರಡು ಚಿತ್ರಗಳನ್ನು ಮಾತ್ರ ನಾವು ಚರ್ಚಿಸದೆ ಹಿಂದಿರುಗಿಸಿದೆವು. ಮರಿಗಳಿಗೆ ತೊಂದರೆಯಾಗುತ್ತದೆಂದು ಹಲವು ಸ್ಪರ್ಧೆಗಳೂ ಈಗ ಅಂಥದ್ದನ್ನು ಸ್ವೀಕರಿಸುವುದಿಲ್ಲ.

ಉಳಿದವುಗಳಲ್ಲಿ ಮನಸ್ಸು ನಿಂತದ್ದು ಸಿಗಂದೂರಿನ ಲಾಂಚಿನ ಚಿತ್ರಗಳ ಬಳಿ. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿಗೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆದುಕೊಂಡಿತು. ಅದಕ್ಕೂ ಮುಂಚೆ ತುಮರಿ ಕಡೆಯ ಹಳ್ಳಿಗಳಿಗೆ ಅಂಬಾರಗೋಡ್ಲಿನ ಲಾಂಚೇ ದಾರಿ. ಕತ್ತಲಾದ ಮೇಲೆ ಲಾಂಚಿಲ್ಲ, ಹೆರಿಗೆ ನೋವು ಬಂದರೂ ಇಲ್ಲ. ಹವ್ಯಾಸಿಗಳು ವರ್ಷಗಟ್ಟಲೆ ಆ ಲಾಂಚನ್ನು ತೆಗೆದಿದ್ದಾರೆ, ಆದರೆ ಹೆಚ್ಚಿನವರು ತೆಗೆದದ್ದು ಸೂರ್ಯಾಸ್ತವನ್ನು. ಲಾಂಚು ಅದರ ಮುಂದಿನ ಕಪ್ಪು ಆಕೃತಿ. ಆ ಸೂರ್ಯ ನಾಳೆಯೂ ಮುಳುಗುತ್ತಾನೆ, ಆ ಲಾಂಚಿನ ಕಾಲ ಮುಗಿಯಿತು. ತೆಗೆದಾಗ ಸಾಧಾರಣವೆನಿಸಿದ ಚಿತ್ರಗಳು ಈಗ ದಾಖಲೆಗಳಾಗಿವೆ. ಬೈಕುಗಳ ನಡುವೆ ಸಿಕ್ಕಿಹಾಕಿಕೊಂಡು ನಿಂತ ಶಾಲೆಯ ಹುಡುಗಿಯರು, ಹಗ್ಗ ಎಸೆಯುತ್ತಿರುವ ಸಿಬ್ಬಂದಿ, ಸಿಮೆಂಟು ಚೀಲದ ಮೇಲೆ ಕೂತು ಎಲೆಯಡಿಕೆ ಹಾಕುವ ಮುದುಕ. ಒಬ್ಬ ಶಿಕ್ಷಕರ ಬಳಿ ಇಂಥವು ನಲವತ್ತಕ್ಕೂ ಹೆಚ್ಚು ಇವೆ. ದಿಗಂತ ಓರೆಯಾಗಿದೆ, ಕೆಲವು ಅಲುಗಿವೆ. ಓರೆಯನ್ನು ನೆಟ್ಟಗೆ ಮಾಡಿಕೊಳ್ಳಬಹುದು, ಅಲುಗಿದ್ದನ್ನು ಹಾಗೇ ಇರಲಿ ಎಂದೆವು. ಲಾಂಚು ಅಲುಗುತ್ತಲೇ ಇತ್ತು. ಬಣ್ಣ ಹೆಚ್ಚಿಸಬೇಡಿ, ಕಪ್ಪು ಬಿಳುಪೂ ಮಾಡಬೇಡಿ, ಹಾಗೆ ಮಾಡಿದರೆ ಅವು ಇದ್ದದ್ದಕ್ಕಿಂತ ಹಳೆಯವು ಎಂಬ ಸುಳ್ಳು ಹುಟ್ಟುತ್ತದೆ ಎಂದೂ ಹೇಳಿದೆವು. ಒಂದೊಂದರ ಹಿಂದೆಯೂ ತಾರೀಖು, ಯಾವ ದಡ, ಯಾರು ಯಾರು ಎಂದು ಬರೆದಿಡಲು ಕೇಳಿಕೊಂಡಿದ್ದೇವೆ. ಸಿಬ್ಬಂದಿಯಲ್ಲಿ ಇಬ್ಬರ ಹೆಸರು ಅವರಿಗೆ ಗೊತ್ತು. ಎಲೆಯಡಿಕೆಯ ಮುದುಕರ ಹೆಸರು ವಿಚಾರಿಸಲು ಬರುವ ಭಾನುವಾರ ಚಿತ್ರದ ಒಂದು ಪ್ರತಿ ಹಿಡಿದುಕೊಂಡು ತುಮರಿಗೆ ಹೋಗುತ್ತಾರಂತೆ, ಈ ಸಲ ಸೇತುವೆಯ ಮೇಲಿನಿಂದ.